ಊರಿಗೆಲ್ಲ ಗೊತ್ತಿರುವ ಹಾಜರಿ ಪಟ್ಟಿ

ಕೇಳುಗರಿಗೆ ನಮಸ್ಕಾರ.

ತೀರಿಕೊಂಡವರು ಕೆರೆ ಹೂಳೆತ್ತಿದ್ದಾರೆ. ಗುಳೆ ಹೋದವರು ಅದೇ ವಾರ ಊರಿನ ಹೊಲದಲ್ಲಿ ಬದು ಹಾಕಿದ್ದಾರೆ. ಉದ್ಯೋಗ ಖಾತ್ರಿಯಂಥ ಸರ್ಕಾರಿ ಕಾಮಗಾರಿಯ ಹಾಜರಿ ಪಟ್ಟಿಯಲ್ಲಿ, ಅಂದರೆ ಎನ್‌ಎಂಆರ್‌ನಲ್ಲಿ, ಇಂಥ ಹೆಸರುಗಳು ಸಿಕ್ಕಿದ್ದು ಒಂದೆರಡು ಕಡೆಯಲ್ಲ. ಊರಿಗೆಲ್ಲ ಗೊತ್ತಿದ್ದೂ ಇದು ವರ್ಷಗಟ್ಟಲೆ ನಡೆಯುವುದು ಹೇಗೆ? ಜನ ಹೆದರುತ್ತಾರೆ ಅನ್ನುವುದು ಸುಲಭದ ಉತ್ತರ. ಹೆದರಿಕೆ ಇದ್ದೇ ಇರುತ್ತದೆ, ಆದರೆ ಅದೊಂದರಿಂದಲೇ ಗುಟ್ಟು ಇಷ್ಟು ಕಾಲ ಬಾಳುವುದಿಲ್ಲ.

ಮೊದಲ ಕಾರಣ ತಿಳಿಯಲು ಹಣ ಹೇಗೆ ಹರಿಯುತ್ತದೆ ನೋಡಿ. ಜೆಸಿಬಿ ಎರಡು ದಿನದಲ್ಲಿ ಹೊಂಡ ತೆಗೆದುಬಿಡುತ್ತದೆ. ಎನ್‌ಎಂಆರ್‌ನಲ್ಲಿ ಮಾತ್ರ ಹತ್ತಾರು ಮಂದಿ ದಿನಗಟ್ಟಲೆ ಅಗೆದಂತೆ ಹಾಜರಿ. ಕೂಲಿ ಜಾಬ್ ಕಾರ್ಡ್ ಇದ್ದವರ ಬ್ಯಾಂಕ್ ಖಾತೆಗೇ ಬೀಳುತ್ತದೆ. ಅವರು ಹಣ ಬಿಡಿಸಿ, ಒಂದಿಷ್ಟು ತಾವು ಇಟ್ಟುಕೊಂಡು, ಉಳಿದದ್ದನ್ನು ಕೆಲಸ ಮಾಡಿಸಿದವನ ಕೈಗೆ ಕೊಡುತ್ತಾರೆ. ಅಲ್ಲಿಗೆ ಅವರೂ ಪಾಲುದಾರರು. ನಾಳೆ ಬಾಯಿಬಿಟ್ಟರೆ ಮೊದಲು ಸಿಕ್ಕಿಬೀಳುವ ಸಹಿ ಅವರದೇ. ಇನ್ನು ಎಂಜಿನಿಯರ್ ಅಳತೆ ಪುಸ್ತಕದಲ್ಲಿ, ಅಂದರೆ ಎಂ.ಬಿ.ಯಲ್ಲಿ, ಹೊಂಡದ ಉದ್ದ, ಅಗಲ, ಆಳ ಬರೆಯುತ್ತಾರೆ. ಹೊಂಡ ನಿಜವಾಗಿಯೂ ಇದೆ, ಅಳತೆಯೂ ಸರಿ. ಸುಳ್ಳಾಗಿರುವುದು ಅಗೆದ ಕೈಗಳು ಮಾತ್ರ. ಹೊಂಡವನ್ನಷ್ಟೇ ಅಳೆದು ಹೋಗುವ ತಪಾಸಣೆಗೆ ಇದು ಸಿಗದೇ ಇರುವುದು ಅದಕ್ಕೇ.

ಎರಡನೆಯ ಕಾರಣ, ಗೊತ್ತಿರುವುದು ಚೂರುಚೂರಾಗಿ ಗೊತ್ತಿರುತ್ತದೆ. ಒಬ್ಬರಿಗೆ ತಮ್ಮ ಖಾತೆಯ ವಿಷಯ ಗೊತ್ತು, ಇನ್ನೊಬ್ಬರಿಗೆ ಜೆಸಿಬಿ ಬಂದ ದಿನ ಗೊತ್ತು. ಇಡೀ ಲೆಕ್ಕ ಇರುವುದು ಕಚೇರಿಯ ಬೀರುವಿನಲ್ಲಿ. ನಾನು ಎದ್ದು ನಿಂತರೆ ಪಕ್ಕದ ಮನೆಯವರೂ ನಿಲ್ಲುತ್ತಾರೋ ಇಲ್ಲವೋ ಎಂಬುದು ಯಾರಿಗೂ ತಿಳಿಯದು. ಟೀ ಅಂಗಡಿಯ ಮಾತು ಎಷ್ಟು ಜೋರಾಗಿದ್ದರೂ ಸಾಕ್ಷಿಯಾಗದು. ಸುಳ್ಳು ಹಾಜರಿ ಬರೆಸುವವರಿಗೂ ಇದು ಚೆನ್ನಾಗಿ ಗೊತ್ತಿದೆ.

ಈ ಗಂಟನ್ನು ಬಿಚ್ಚಿ ತೋರಿಸಿದ್ದು ರಾಜಸ್ಥಾನದ ಕೂಲಿಕಾರರು. 1990ರ ಮೇ 1ರಂದು ಭೀಮ್‌ನಲ್ಲಿ ಹುಟ್ಟಿದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ, ಪೂರ್ತಿ ಕನಿಷ್ಠ ಕೂಲಿ ಕೇಳಿತು. ನೀವು ಅಷ್ಟು ಕೆಲಸ ಮಾಡಿಲ್ಲ, ದಾಖಲೆ ಹಾಗೆ ಹೇಳುತ್ತದೆ ಎಂಬ ಉತ್ತರ ಬಂತು. ಹಾಗಾದರೆ ದಾಖಲೆ ತೋರಿಸಿ ಎಂದರೆ, ಅದು ಸರ್ಕಾರದ ಗುಟ್ಟಂತೆ! ಊರಿಗೆಲ್ಲ ಗೊತ್ತಿದ್ದ ಗುಟ್ಟಿಗೆ ಸರ್ಕಾರಿ ಗುಟ್ಟಿನ ಕಾವಲು. 1994ರ ಡಿಸೆಂಬರ್ 2ರಂದು ಕೋಟ್ ಕಿರಾನಾದಲ್ಲಿ ಮೊದಲ ಜನಸುನ್ವಾಯಿ, ಅಂದರೆ ಸಾರ್ವಜನಿಕ ವಿಚಾರಣೆ, ನಡೆಯಿತು. ಹೇಗೋ ಕೈಗೆ ಸಿಕ್ಕ ಹಾಜರಿ ಪಟ್ಟಿಯನ್ನು ಹೆಸರು ಹೆಸರಾಗಿ ಮೈಕಿನಲ್ಲಿ ಓದಿದರು. ಆಮೇಲೆ ಬೇರೆ ಪಂಚಾಯಿತಿಗಳಲ್ಲೂ ಅದೇ ಕ್ರಮ. 1998ರ ಜನವರಿಯಲ್ಲಿ ಕೂಕರಖೇಡಾದಲ್ಲಿ ಸರಪಂಚರು, ಅಂದರೆ ಪಂಚಾಯಿತಿ ಅಧ್ಯಕ್ಷರು, ಒಂದು ಲಕ್ಷ ರೂಪಾಯಿ ಹಿಂದಿರುಗಿಸಲು ಸಭೆಯಲ್ಲೇ ಒಪ್ಪಿದರು. ಮುಂದೆ 2000ದಲ್ಲಿ ರಾಜಸ್ಥಾನ ಮತ್ತು ನಮ್ಮ ಕರ್ನಾಟಕ ಎರಡೂ ಮಾಹಿತಿ ಹಕ್ಕಿನ ಕಾಯ್ದೆ ಮಾಡಿದವು. ದೇಶಕ್ಕೆಲ್ಲ ಅನ್ವಯಿಸುವ ಕಾಯ್ದೆ ಬಂದದ್ದು 2005ರಲ್ಲಿ.

ಆ ಜನಸುನ್ವಾಯಿಗಳಲ್ಲಿ ಹೊಸ ಸಂಗತಿ ಏನೂ ಹೊರಬರಲಿಲ್ಲ ಅನ್ನುವುದನ್ನು ಗಮನಿಸಿ. ಗೊತ್ತಿದ್ದದ್ದನ್ನೇ ಎಲ್ಲರೂ ಒಂದೇ ಹೊತ್ತಿಗೆ, ಒಬ್ಬರ ಮುಖ ಒಬ್ಬರು ನೋಡುತ್ತ ಕೇಳಿಸಿಕೊಂಡರು. ಅಷ್ಟಾದ ಮೇಲೆ ನನಗೆ ಗೊತ್ತಿರಲಿಲ್ಲ ಎನ್ನಲು ಯಾರಿಗೂ ಆಗುವುದಿಲ್ಲ.

ಹೀಗೆ ಓದುವುದಕ್ಕೂ ಒಂದು ಕೆಲಸಗಾರಿಕೆ ಬೇಕು. ಒಂದು ಕಾಮಗಾರಿಯ ಮೂರು ಕಾಗದ ಒಟ್ಟಿಗೆ ಬೇಕು: ಎನ್‌ಎಂಆರ್, ಎಂ.ಬಿ., ಸಾಮಗ್ರಿಯ ಬಿಲ್ಲು. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, ಪ್ರತಿ ಪುಟಕ್ಕೆ 2 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಐದು ವರ್ಷದ ಎಲ್ಲ ದಾಖಲೆ ಕೊಡಿ ಎಂದು ಬರೆದರೆ ತಿರಸ್ಕರಿಸಲು ನೀವೇ ದಾರಿ ಮಾಡಿಕೊಟ್ಟಂತೆ. ಕಾಮಗಾರಿಯ ಹೆಸರು, ವರ್ಷ, ಬೇಕಾದ ಕಾಗದ, ಇಷ್ಟೇ ಬರೆಯಿರಿ.

ಕಾಗದ ಬಂದ ಮೇಲೆ ಕ್ರಮಸಂಖ್ಯೆಯಲ್ಲಿ ಓದಬೇಡಿ. ಹೆಸರುಗಳನ್ನು ಕೇರಿವಾರು, ಮನೆವಾರು ಬರೆದುಕೊಳ್ಳಿ. ಒಬ್ಬರೇ ಒಂದೇ ದಿನ ಎರಡು ಕಾಮಗಾರಿಯಲ್ಲಿ ಇದ್ದರೆ ಆಗ ಕಣ್ಣಿಗೆ ಬೀಳುತ್ತದೆ. ಸಭೆಗೆ ಮುಂಚೆ ಮನೆಮನೆಗೆ ಹೋಗಿ ಕೇಳಿ. ಬಹಳ ಕಡೆ ಕೆಡುವುದು ಇಲ್ಲೇ: ಮೊದಲೇ ಮಾತಾಡಿಸದೆ ಸಭೆಯಲ್ಲಿ ಒಬ್ಬ ಬಡಪಾಯಿಯನ್ನು ಎಬ್ಬಿಸಿ ನಿಲ್ಲಿಸಿದರೆ, ಅವನು ಹೌದು ಸ್ವಾಮಿ, ಕೆಲಸ ಮಾಡಿದ್ದೆ ಎಂದುಬಿಡುತ್ತಾನೆ. ಇಡೀ ಸಭೆ ಅಲ್ಲಿಗೇ ಮುಗಿಯಿತು. ಒಂದು ಕೇರಿಯ ಏಳೆಂಟು ಮಂದಿ ಒಟ್ಟಿಗೆ ಹೇಳುವಂತಿರಬೇಕು. ಲೆಕ್ಕ ಕೊಡಬೇಕಾದವರೇ ಅಧ್ಯಕ್ಷತೆ ವಹಿಸಬಾರದು. ಹೆಸರು ಓದುವವರು ಹೊರಗಿನವರಾದರೆ ಒಳ್ಳೆಯದು. ಮೊತ್ತವನ್ನಷ್ಟೇ ಓದಿದರೆ ಪ್ರಯೋಜನವಿಲ್ಲ. ಲಕ್ಷದ ಅಂಕಿ ಕೇಳಿ ಯಾರೂ ಎದ್ದು ನಿಲ್ಲುವುದಿಲ್ಲ, ತಮ್ಮ ಹೆಸರು ಕೇಳಿದರೆ ನಿಲ್ಲುತ್ತಾರೆ.

2005ರ ಉದ್ಯೋಗ ಖಾತ್ರಿ ಕಾಯ್ದೆಯ 17ನೇ ಕಲಂ ಈ ಪದ್ಧತಿಗೆ ಕಾನೂನಿನ ರೂಪ ಕೊಟ್ಟಿತು. 2011ರ ನಿಯಮಗಳು ಆರು ತಿಂಗಳಿಗೊಮ್ಮೆ ಸಾಮಾಜಿಕ ಪರಿಶೋಧನೆ, ಅಂದರೆ ಊರವರ ಮುಂದೆಯೇ ಲೆಕ್ಕದ ತಪಾಸಣೆ, ಆಗಬೇಕೆಂದವು. ಆಮೇಲೆ ಸರ್ಕಾರ ಯಂತ್ರದ ಕಡೆ ವಾಲಿತು. 2023ರ ಜನವರಿಯಿಂದ ಮೊಬೈಲಿನ ಹಾಜರಿ ಆ್ಯಪ್‌ನಲ್ಲಿ ದಿನಕ್ಕೆರಡು ಬಾರಿ ಕೂಲಿಕಾರರ ಫೋಟೊ ಕಡ್ಡಾಯವಾಯಿತು. 2025ರ ಜುಲೈನಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ರಾಜ್ಯಗಳಿಗೆ ಬರೆಯಬೇಕಾಯಿತು: ಕೆಲಸಕ್ಕೆ ಸಂಬಂಧವಿಲ್ಲದ ಫೋಟೊ ಹಾಕುತ್ತಿದ್ದಾರೆ, ಫೋಟೊದ್ದೇ ಫೋಟೊ ತೆಗೆದು ಹಾಕುತ್ತಿದ್ದಾರೆ, ಹಾಜರಿಗೂ ಚಿತ್ರದಲ್ಲಿರುವ ತಲೆಗಳಿಗೂ ತಾಳೆಯಿಲ್ಲ ಎಂದು. ಫೋಟೊ ನೋಡಿ ತಲೆ ಎಣಿಸಬಹುದು. ಅದು ಯಾರ ಮುಖ ಎಂದು ಹೇಳಬಲ್ಲವರು ಆ ಕೇರಿಯವರು ಮಾತ್ರ. ಹಾಗಾಗಿ ಮುಂದಿನ ಗ್ರಾಮಸಭೆಗೆ ಹೋಗುವವರು ಎನ್‌ಎಂಆರ್ ಜೊತೆಗೆ ಅದರ ಫೋಟೊಗಳ ಪ್ರತಿಯನ್ನೂ ಕೇಳಿ ಪಡೆಯಿರಿ, ಸಭೆಗೆ ಎರಡು ದಿನ ಮುಂಚೆಯೇ ಆ ಕೇರಿಯಲ್ಲಿ ಗೋಡೆಗೆ ಹಚ್ಚಿ. ನಮಸ್ಕಾರ.