ಆಯಿಲ್ ಕುಡಿಯುವ ಪಿಕಪ್, ಅಪ್ಪನ ಕಾಫಿ ಕಣ

ನಮ್ಮ ಪಿಕಪ್ ಗಾಡಿ ಹಿಂದೆ ನೋಡಿ. ಅದು ಮಂಜಲ್ಲ. ಕೊಡಗಿನ ಸುಂಟಿಕೊಪ್ಪದಲ್ಲಿ ಜನವರಿ ಬೆಳಿಗ್ಗೆ ಮಂಜು ಇರುತ್ತದೆ, ಒಪ್ಪಿದೆ. ಆದರೆ ಮಂಜು ನೀಲಿ ಇರುವುದಿಲ್ಲ, ಸುಟ್ಟ ಎಣ್ಣೆ ವಾಸನೆಯೂ ಬರುವುದಿಲ್ಲ. ಡೀಸೆಲ್ ಗಾಡಿ ಕಪ್ಪು ಹೊಗೆ ಬಿಟ್ಟರೆ ಡೀಸೆಲ್ ಜಾಸ್ತಿ, ಇಲ್ಲ ಗಾಳಿ ಕಡಿಮೆ. ನೀಲಿ ಬಿಟ್ಟರೆ ಎಂಜಿನ್ ಆಯಿಲ್ ಉರಿಯುತ್ತಿದೆ.

ಐದು ತಿಂಗಳಲ್ಲಿ ಒಂಬತ್ತು ಲೀಟರ್ ಹಾಕಿದ್ದೇನೆ. ಲೀಟರಿಗೆ 420. ಲೆಕ್ಕ ಹಾಕಿದರೆ 3,780 ರೂಪಾಯಿ ಹೊಗೆ! ಖಾಲಿ ಕ್ಯಾನುಗಳನ್ನು ಶೆಡ್ಡಿನಲ್ಲಿ ಸಾಲಾಗಿ ಇಟ್ಟಿದ್ದೇನೆ, ಬಹುಮಾನ ಗೆದ್ದ ಹಾಗೆ.

ಮೊದಲು ಕೆಳಗೆ ನೋಡಿದೆ. ಎಂಜಿನ್ ಕೆಳಗೆ ಆಯಿಲ್ ನಿಲ್ಲುವ ಸಂಪ್, ಟ್ಯಾಪೆಟ್ ಕವರ್, ಆಯಿಲ್ ಫಿಲ್ಟರ್ ಸುತ್ತ ಎಲ್ಲೂ ಸೋರಿಕೆ ಇಲ್ಲ. ರಾತ್ರಿ ರಟ್ಟು ಹಾಸಿ ಇಟ್ಟೆ, ಬೆಳಿಗ್ಗೆ ಒಂದು ಹನಿ ಇರಲಿಲ್ಲ. ಆಮೇಲೆ ಹತ್ತಿರದ ಒಂದು ಗ್ಯಾರೇಜಿಗೆ ಹೋದೆ. ಅಲ್ಲಿ ಆಯಿಲ್ ಹಾಕುವ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿಸಿದರು. ಬುಸ್ ಬುಸ್ ಅಂತ ಹೊಗೆ. "ಪಿಸ್ಟನ್ ರಿಂಗ್ ಹೋಗಿದೆ ಅಣ್ಣ, ಎಂಜಿನ್ ಬಿಚ್ಚಬೇಕು, 65,000 ಆಗುತ್ತೆ" ಅಂದರು. ಎರಡೇ ನಿಮಿಷದಲ್ಲಿ! 2024 ರಲ್ಲಿ ರೊಬಸ್ಟಾ ಕಾಫಿ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) 50 ಕೆಜಿ ಚೀಲಕ್ಕೆ 10,000 ರೂಪಾಯಿ ದಾಟಿದ್ದೇ ದಾಟಿದ್ದು, ಕೊಡಗಿನವರ ಹತ್ತಿರ ದುಡ್ಡು ಸುರೀತಿದೆ ಅಂತ ಎಲ್ಲರಿಗೂ ಅನಿಸಿಬಿಟ್ಟಿದೆ. ಕೆಲಸದವರ ಕೂಲಿ, ಗೊಬ್ಬರ ಯಾರೂ ಲೆಕ್ಕ ಹಾಕುವುದಿಲ್ಲ. ಸರಿ, ಕಾಫಿ ವಿಷಯ ಬೇಡ, ಶುರು ಮಾಡಿದರೆ ನಾನು ನಿಲ್ಲಿಸುವುದಿಲ್ಲ.

ಈಗ ಕುಶಾಲನಗರದ ಇನ್ನೊಂದು ಗ್ಯಾರೇಜಿಗೆ ಹೋಗುತ್ತಿದ್ದೇವೆ. ಇದು ಆನೆಕಾಡು. ಇಲ್ಲಿ ಗಾಡಿ ಕೆಟ್ಟರೆ ಅಂತ ಯೋಚನೆ ಬಂದರೂ ಎದೆ ಝಲ್ಲೆನ್ನುತ್ತದೆ. ಇನ್ನೊಂದು ಭಯವೂ ಇದೆ. ಡೀಸೆಲ್ ಎಂಜಿನ್ ತನ್ನ ಆಯಿಲನ್ನೇ ಎಳೆದುಕೊಂಡು ಓಡಲು ಶುರು ಮಾಡಿದರೆ ಕೀ ತೆಗೆದರೂ ನಿಲ್ಲುವುದಿಲ್ಲ. ಗಾಳಿ ಹೋಗುವ ದಾರಿ ಮುಚ್ಚಬೇಕು, ಇಲ್ಲ ಬ್ರೇಕ್ ಒತ್ತಿ ಟಾಪ್ ಗೇರಿಗೆ ಹಾಕಿ ಕ್ಲಚ್ ಬಿಟ್ಟು ಕೊಲ್ಲಬೇಕು. ಹಾಗಾಗಿ ಹೊಗೆ ತಾನೇ ಅಂತ ಸುಮ್ನೆ ಬಿಡಬೇಡಿ.

ಗ್ಯಾರೇಜಿಗೆ ಬಂದೆವು. ಇಲ್ಲಿ ಕಂಪ್ರೆಷನ್ ಟೆಸ್ಟ್, ಅಂದರೆ ನಾಲ್ಕು ಸಿಲಿಂಡರಿನ ಒತ್ತಡ ಅಳೆಯುವುದು. 380, 375, 385, 370 psi. ನಾಲ್ಕೂ ಹತ್ತಿರ ಹತ್ತಿರ ಇವೆ. ರಿಂಗ್ ಹೋಗಿದ್ದರೆ ಸಾಮಾನ್ಯವಾಗಿ ಒಂದಾದರೂ ಬಿದ್ದಿರುತ್ತದೆ. ಎಂಜಿನ್ನಿಗೆ ಗಾಳಿ ತಳ್ಳುವ ಟರ್ಬೊದ ಶಾಫ್ಟನ್ನು ಬೆರಳಲ್ಲಿ ಅಲ್ಲಾಡಿಸಿ ನೋಡಿದರು, ಗಟ್ಟಿ ಇದೆ. ಆದರೆ ಇಂಟರ್‌ಕೂಲರ್ (ಆ ಗಾಳಿಯನ್ನು ತಣ್ಣಗೆ ಮಾಡುವ ಭಾಗ) ಪೈಪ್ ಒಳಗೆ ಕೈ ಹಾಕಿದರೆ, ನೋಡಿ, ಬೆರಳು ಪೂರ್ತಿ ಕಪ್ಪು ಆಯಿಲ್.

ಮೆಕ್ಯಾನಿಕ್ ಅಣ್ಣ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಎಳೆದು ನನ್ನ ಮುಖ ನೋಡಿದರು. ಆಯಿಲ್ ಮೇಲಿನ ಗೆರೆಗಿಂತ ಎರಡು ಬೆರಳು ಮೇಲಿದೆ. "ಮನೆಯಲ್ಲಿ ಗಾಡಿ ಎಲ್ಲಿ ನಿಲ್ಲಿಸಿ ನೋಡ್ತೀರಿ?" ಅಂದರು.

ಅಂಗಳದಲ್ಲಿ. ನಮ್ಮ ಅಂಗಳ ಅಂದರೆ ಅರ್ಧ ಗುಡ್ಡ. ಗಾಡಿ ಮೂತಿ ಯಾವಾಗಲೂ ಮೇಲಕ್ಕೆ. ಇದರ ಡಿಪ್‌ಸ್ಟಿಕ್ ಎಂಜಿನ್ನಿನ ಮುಂಭಾಗದಲ್ಲಿದೆ, ಆಯಿಲ್ ಎಲ್ಲ ಹಿಂದಕ್ಕೆ ಸರಿದಿರುತ್ತದೆ. ನಾನು ಕಡಿಮೆ ಇದೆ ಅಂದುಕೊಂಡು ಸುರಿಯುವುದು. ಜಾಸ್ತಿಯಾದ ಆಯಿಲಿಗೆ ಒಳಗೆ ತಿರುಗುವ ಕ್ರ್ಯಾಂಕ್ ಬಡಿದು ನೊರೆ ಎಬ್ಬಿಸುವುದು. ಅದು ಎಂಜಿನ್ ಒಳಗಿನ ಗಾಳಿ ಹೊರಗೆ ಬಿಡುವ ಬ್ರೀದರ್ ಪೈಪಿನಿಂದ ಟರ್ಬೊಗೆ ಹೋಗಿ ಉರಿಯುವುದು. ನಾನು ಮತ್ತೆ ಸುರಿಯುವುದು. ನಗಬೇಡಿ.

ಮನೆಗೆ ಬಂದೆವು. ಮಟ್ಟಸ ಜಾಗ ಬೇಕಲ್ಲ? ನಮ್ಮಲ್ಲಿ ಮಟ್ಟಸ ಅಂದರೆ ಒಂದೇ, ಕಾಫಿ ಕಣ. ಅರ್ಧ ಕಣದಲ್ಲಿ ಅಪ್ಪ ಹೊರಸಿಪ್ಪೆ ತೆಗೆದ ಅರೇಬಿಕಾ ಬೀಜ, ಅಂದರೆ ಪಾರ್ಚ್‌ಮೆಂಟ್ ಹರಡಿದ್ದಾರೆ. ಇನ್ನರ್ಧಕ್ಕೆ ಗಾಡಿ ಹತ್ತಿಸಲು ಅಮ್ಮನ ಕೈಲಿ ಹೇಳಿಸಿ ಒಪ್ಪಿಸಿದೆ. ಆಯಿಲ್ ಬಿಸಿ ಇರುವಾಗಲೇ ಡ್ರೈನ್ ಬೋಲ್ಟ್ ತೆಗೆದೆ. ನಾನು ಬೇಸನ್ ಬೋಲ್ಟಿನ ನೇರ ಕೆಳಗೆ ಇಟ್ಟಿದ್ದೆ. ಸಂಪ್ ತುಂಬಿ ತುಳುಕುತ್ತಿದೆ ಅನ್ನುವುದು ಆಗ ನೆನಪಾಗಲಿಲ್ಲ. ಆಯಿಲ್ ಕೆಳಗೆ ಬೀಳಲಿಲ್ಲ, ಅಡ್ಡ ಹಾರಿತು! ಬೇಸನ್ ದಾಟಿ ನೇರ ಸಿಮೆಂಟಿನ ಮೇಲೆ. ಬೋಲ್ಟ್ ಬೇಸನ್ ಒಳಗೆ, ನಾನು ಗಾಡಿ ಅಡಿಯಲ್ಲಿ, ಕಪ್ಪು ತೊರೆ ಮೆಲ್ಲಗೆ ಪಾರ್ಚ್‌ಮೆಂಟ್ ಕಡೆಗೆ. ಒಂದು ಗೇಣು ಉಳಿದಿತ್ತು. ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಾಫಿ ಎಳೆಯುವ ಹಲಗೆ ತಗೊಂಡು ಕಾಫಿಯನ್ನು ಹಿಂದಕ್ಕೆ ಎಳೆದು, "ಇದಕ್ಕೆ ವಾಸನೆ ಹಿಡಿದರೆ ಯಾರು ತಗೋತಾರೆ?" ಅಂತ ಅಷ್ಟೇ ಕೇಳಿದರು. ಮರದ ಪುಡಿ, ಬೂದಿ, ಸೋಪಿನ ಪುಡಿ ಎಲ್ಲ ಹಾಕಿ ಎರಡು ಗಂಟೆ ಉಜ್ಜಿದೆ. ಕಲೆ ಹಾಗೇ ಇದೆ. ಅದನ್ನೆಲ್ಲ ತೋರಿಸುವುದಿಲ್ಲ, ವಿಡಿಯೊ ಮುಂದೆ ಓಡಿಸಿದ್ದೇನೆ.

ಬೇಸನ್ನಿನಲ್ಲಿ ಸಿಕ್ಕಿದ್ದನ್ನು ಖಾಲಿ ಕ್ಯಾನಿಗೆ ತುಂಬಿ ಅಳೆದೆ. ಕಂಪನಿ ಪುಸ್ತಕದಲ್ಲಿ ಐದೂವರೆ ಲೀಟರ್ ಅಂತ ಇದೆ. ಚೆಲ್ಲಿದ್ದು ಬಿಟ್ಟೇ ಏಳು ಲೀಟರ್ ಬಂತು. ಹಳೆ ಆಯಿಲನ್ನು ತೋಡಿಗೆ ಸುರಿಯಬೇಡಿ ದಯವಿಟ್ಟು, ಇಲ್ಲಿಂದ ಹರಿಯುವುದು ಕಾವೇರಿಗೇ.

ಇದು ಬ್ರೀದರ್ ಪೈಪ್. ಒಳಗೆ ನೋಡಿ, ಹಲಸಿನ ಮೇಣದ ಹಾಗೆ ಕಟ್ಟಿದೆ. ಗಾಳಿ ಹೊರಗೆ ಹೋಗಲು ದಾರಿ ಸಾಲದೆ ಮುಚ್ಚಳದಲ್ಲಿ ಬುಸ್ ಅನ್ನುತ್ತಿತ್ತು. ಅಂದರೆ ಆ ಗ್ಯಾರೇಜಿನವರು ಕಂಡದ್ದು ಸುಳ್ಳಲ್ಲ, ರಿಂಗ್ ಹೋದರೂ ಹೀಗೇ ಬುಸ್ ಅನ್ನುತ್ತದೆ. ನಾನು ಅವರನ್ನು ಬೈದಿದ್ದು ಸ್ವಲ್ಪ ಜಾಸ್ತಿಯಾಯಿತು. ಆದರೂ ಪೈಪ್ ಬಿಚ್ಚಿ ನೋಡಬಹುದಿತ್ತು ಅಲ್ವಾ? ಇಲ್ಲ, ಬೈದಿದ್ದು ಸರಿಯೇ. ಹೊಸ ಪೈಪ್, ಎರಡು ಕ್ಲಿಪ್, 340 ರೂಪಾಯಿ. ಇಂಟರ್‌ಕೂಲರ್ ತೆಗೆದು ತೊಳೆದು ಒಣಗಿಸಿ ಹಾಕಿದೆ. ಅದರಲ್ಲಿ ಉಳಿದ ಆಯಿಲ್ ಉರಿದರೆ ಮತ್ತೆ ಹೊಗೆ, ಮತ್ತೆ ಗಾಬರಿ.

ಇದು ಒಂದು ತಿಂಗಳ ನಂತರ. ಕುಶಾಲನಗರದ ಪೆಟ್ರೋಲ್ ಬಂಕ್, ಮಟ್ಟಸ ನೆಲ. ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಕಾದಿದ್ದೇನೆ. 1,040 ಕಿಲೋಮೀಟರ್ ಓಡಿದೆ. ಮೇಲಿನ ಗೆರೆಗಿಂತ ಒಂದು ಕಾಳುಮೆಣಸಿನಷ್ಟು ಕೆಳಗೆ. ಅಷ್ಟು ತಿಂದರೆ ತಿನ್ನಲಿ.

ಮೆಣಸು ಅಂದ ಕೂಡಲೇ ನೆನಪಾಯಿತು. ಕಣದ ಕಲೆ ಮೇಲೆ ಅಮ್ಮ ಟಾರ್ಪಲ್ ಹಾಸಿ ಮೆಣಸು ಒಣಹಾಕಿದ್ದಾರೆ. ಹಿಂದಿನವರು ಹಾರ್ನ್ ಹಾಕುತ್ತಿದ್ದಾರೆ, ಗಾಡಿ ತೆಗೆಯಬೇಕು.