ಬರೀ 250ಕೆ ಅಂದರೆ ಸಾಲದು

ಈ ಸದ್ದು ಒಮ್ಮೆ ಕೇಳಿ.

ಗಿಟಾರ್ ಇನ್ನೂ ಮುಟ್ಟಿಯೇ ಇಲ್ಲ. ಅದರ ಸದ್ದು ದೊಡ್ಡದು ಮಾಡುವ ಹಳೇ ಆಂಪಿನ ವಾಲ್ಯೂಮ್ ನಾಬ್ ತಿರುಗಿಸುತ್ತಿದ್ದೇನೆ, ಅಷ್ಟೆ. ಒಣಗಿದ ಎಲೆ ತುಳಿದ ಹಾಗೆ ಕರಕರ ಅನ್ನುತ್ತಿದೆ ಅಲ್ವಾ?

ಪಕ್ಕದ ಟ್ರೆಬಲ್ ನಾಬಿನ ಕಥೆ ಬೇರೆ. ಅದರ ಶಾಫ್ಟ್, ಅಂದರೆ ನಾಬ್ ಕೂತಿರುವ ಕಡ್ಡಿ, ಬಾಗಿದೆ. ಅರ್ಧ ಸುತ್ತಿಗೆ ನಾಬ್ ಪ್ಯಾನೆಲ್‌ಗೆ ಉಜ್ಜಿ ನಿಂತುಬಿಡುತ್ತದೆ, ನಡುನಡುವೆ ಸದ್ದೇ ಕಟ್ಟಾಗುತ್ತದೆ. ಸಾಗಿಸುವಾಗ ಆಂಪನ್ನು ಮುಖ ಅಡಿಯಾಗಿ ಇಟ್ಟವನು ನಾನೇ. ಯಾರನ್ನೂ ಬೈಯುವ ಹಾಗಿಲ್ಲ.

ಎರಡೂ ಪಾಟ್ ಬದಲಿಸಿದರೆ ಮುಗಿಯಿತು ಅಂದುಕೊಂಡೆ. ಪಾಟ್ ಅಂದರೆ ಪೊಟೆನ್ಶಿಯೋಮೀಟರ್. ನಾಬಿನ ಹಿಂದೆ ಕೂತು ಎಷ್ಟು ಸಿಗ್ನಲ್ ಮುಂದೆ ಹೋಗಬೇಕು ಅನ್ನುವುದನ್ನು ನೋಡಿಕೊಳ್ಳುವ ಸಣ್ಣ ಡಬ್ಬಿ.

ಒಳಗೆ ಹೋಗುವ ಮುಂಚೆ ಒಂದು ಮಾತು. ಇದು ಟ್ಯೂಬ್ ಆಂಪ್, ಟ್ರಾನ್ಸಿಸ್ಟರ್ ಬದಲು ಗಾಜಿನ ಟ್ಯೂಬ್ ಇರುವಂಥದ್ದು. ಪ್ಲಗ್ ಕಿತ್ತ ಮೇಲೂ ಒಳಗೆ ವಿದ್ಯುತ್ ಕೂಡಿಟ್ಟುಕೊಳ್ಳುವ ದೊಡ್ಡ ಕೆಪಾಸಿಟರ್‌ಗಳಲ್ಲಿ 300, 400 ವೋಲ್ಟ್ ಉಳಿದಿರಬಹುದು. ಅದು ಪ್ರಾಣ ತೆಗೆಯುವಷ್ಟು. ರೆಸಿಸ್ಟರ್ ಮೂಲಕ ಅದನ್ನು ಖಾಲಿ ಮಾಡಿ, ಮೀಟರ್‌ನಲ್ಲಿ ಸೊನ್ನೆ ನೋಡಿದ ಮೇಲೇ ನಾನು ಕೈ ಹಾಕುವುದು. ಅಭ್ಯಾಸ ಇಲ್ಲದವರು ದಯವಿಟ್ಟು ಬಿಚ್ಚಬೇಡಿ, ಬಲ್ಲವರ ಹತ್ತಿರ ಒಯ್ಯಿರಿ.

ಈಗ ಟ್ರೆಬಲ್ ಪಾಟಿನ ಬೆನ್ನು ನೋಡಿ. ಧೂಳು ಒರೆಸಿದೆ. 1376714 ಅಂತ ಒತ್ತಿದ್ದಾರೆ. ನನಗೆ ಇದು ನಿಧಿ ಸಿಕ್ಕಷ್ಟೇ ಖುಷಿ. ಮೊದಲ ಮೂರು ಅಂಕಿ ಪಾಟ್ ಮಾಡಿದ ಕಂಪನಿಯದ್ದು, 137 ಅಂದರೆ ಸಿಟಿಎಸ್. ಆಮೇಲಿನ 67 ವರ್ಷ, ಕೊನೆಯ 14 ವಾರ. ಅಂದರೆ 1967ರ ಏಪ್ರಿಲ್ ಶುರುವಿನಲ್ಲಿ ಈ ಪಾಟ್ ಹುಟ್ಟಿದೆ. ಆಂಪ್ ಹುಟ್ಟಿದ್ದೂ ಆಗಲೇ ಅಂತಲ್ಲ, ಪಾಟ್‌ಗಳು ಗೋದಾಮಿನಲ್ಲಿ ತಿಂಗಳುಗಟ್ಟಲೆ ಕೂತಿರುತ್ತಿದ್ದವು. ಆದರೆ ಈ ಬೆಸುಗೆ ಕಾರ್ಖಾನೆಯಲ್ಲಿ ಹಾಕಿದ್ದೇ ಆಗಿದ್ದರೆ, ಆಂಪ್ ಅದಕ್ಕಿಂತ ಮುಂಚಿನದಂತೂ ಅಲ್ಲ.

ಅದರ ಪಕ್ಕದಲ್ಲೇ 250ಕೆ ಅಂತಿದೆ. ಅಂದರೆ 250 ಕಿಲೋ ಓಮ್, ಪಾಟ್ ಒಡ್ಡುವ ವಿದ್ಯುತ್ ತಡೆಯ ಅಳತೆ. ನಾನು ಅದೊಂದನ್ನೇ ನೋಡಿ ಆರ್ಡರ್ ಮಾಡಿದೆ.

ಬಂದದ್ದು ಇದು. ಒಂದೇ ಪಾರ್ಟ್, ಮೂರು ತಪ್ಪು.

ಮೊದಲನೆಯದು ಕೈಗೆ ತಗೊಂಡ ತಕ್ಷಣ ಗೊತ್ತಾಯಿತು. ಪ್ಯಾನೆಲ್ ತೂತು ಒಂಬತ್ತೂವರೆ ಮಿಲಿಮೀಟರ್, ಅಂದರೆ ಇಂಚಿನ ಎಂಟು ಪಾಲಿನಲ್ಲಿ ಮೂರು. ಹೊಸ ಪಾಟಿನ ಕತ್ತು 7 ಮಿಲಿಮೀಟರ್. ಬಾವಿಗೆ ಬಿದ್ದ ಚೊಂಬಿನ ಹಾಗೆ ಅಲ್ಲಾಡುತ್ತದೆ. ಎರಡನೆಯದು ಶಾಫ್ಟ್. ಹಳೆಯದು ನುಣ್ಣಗಿರುವ ಕಾಲು ಇಂಚಿನ ಶಾಫ್ಟ್, 6.35 ಮಿಲಿಮೀಟರ್. ನಾಬನ್ನು ಪಕ್ಕದಿಂದ ಸಣ್ಣ ಸ್ಕ್ರೂ ಹಿಡಿದುಕೊಳ್ಳುತ್ತದೆ. ಹೊಸದು 6 ಮಿಲಿಮೀಟರ್, ನಡುವೆ ಸೀಳು, ಸುತ್ತ ಹಲ್ಲು. ಸ್ಕ್ರೂ ಬಿಗಿ ಮಾಡಿದರೆ ನಾಬ್ ಒಂದು ಕಡೆ ವಾಲುತ್ತದೆ, ತಿರುಗಿಸಿದರೆ ಕುಂಟುತ್ತದೆ.

ಮೂರನೆಯದು ಕಣ್ಣಿಗೆ ಕಾಣುವುದಿಲ್ಲ. ಹೊಸ ಪಾಟಿನ ಮೇಲೆ ಬಿ250ಕೆ ಅಂತಿದೆ. ಈಗಿನ ಪಾಟ್‌ಗಳಲ್ಲಿ ಬಿ ಅಂದರೆ ಲೀನಿಯರ್, ತಿರುಗಿಸಿದಷ್ಟೂ ಸಮವಾಗಿ ಏರುವಂಥದ್ದು. ಎ ಅಂದರೆ ಆಡಿಯೋ ಟೇಪರ್, ಮೊದಲು ನಿಧಾನ, ಕೊನೆಗೆ ಬೇಗ ಏರುವಂಥದ್ದು. ಯುರೋಪಿನ ಹಳೇ ಪಾಟ್‌ಗಳಲ್ಲಿ ಈ ಅಕ್ಷರಗಳು ಅದಲುಬದಲು ಇರುವುದೂ ಉಂಟು. ಅದಕ್ಕೇ ನಾನೀಗ ಅಕ್ಷರ ನಂಬುವುದಿಲ್ಲ, ಮೀಟರ್ ನಂಬುತ್ತೇನೆ. ವೈರ್ ಎಲ್ಲಾ ಬಿಡಿಸಿಕೊಳ್ಳಬೇಕು, ಸರ್ಕ್ಯೂಟಿನಲ್ಲೇ ಇಟ್ಟು ಅಳೆದರೆ ಸುಳ್ಳು ಲೆಕ್ಕ ಬರುತ್ತದೆ. ನಾಬ್ ತೆಗೆದ ಮೇಲೆ ಹಳೇ ಶಾಫ್ಟ್ ಸರಾಗವಾಗಿ ತಿರುಗಿತು. ನಡುವೆ ನಿಲ್ಲಿಸಿ, ಮಧ್ಯದ ಕಾಲಿಗೂ ಎಡದ ಕಾಲಿಗೂ ಪ್ರೋಬ್ ಇಟ್ಟೆ. ಲೀನಿಯರ್ ಆಗಿದ್ದರೆ ಅರ್ಧ, ಅಂದರೆ 125ಕೆ ಹತ್ತಿರ ಬರಬೇಕಿತ್ತು. ಬಂದದ್ದು 27ಕೆ. ಪಕ್ಕಾ ಆಡಿಯೋ ಟೇಪರ್.

ಇದರಲ್ಲೇನು ದೊಡ್ಡ ವ್ಯತ್ಯಾಸ ಅಂತೀರಾ? ನಮ್ಮ ಕಿವಿ ಸದ್ದನ್ನು ಸ್ಕೇಲ್ ಇಟ್ಟು ಅಳೆಯುವುದಿಲ್ಲ. ಆಡಿಯೋ ಪಾಟ್ ಇರಬೇಕಾದ ಕಡೆ ಲೀನಿಯರ್ ಹಾಕಿದರೆ ಆಟವೆಲ್ಲ ಶುರುವಿನಲ್ಲೇ ಮುಗಿಯುತ್ತದೆ. ಕ್ಲಿಪ್ ಹಾಕಿ ಜೋಡಿಸಿ ನೋಡಿದೆ. ಮೂರಕ್ಕೇ ಕಿವಿ ಚುಚ್ಚುವಷ್ಟು ಟ್ರೆಬಲ್, ಅಲ್ಲಿಂದ ಹತ್ತರವರೆಗೆ ಸುಮ್ನೆ ತಿರುಗಿಸುವುದಷ್ಟೇ.

ಎರಡನೇ ಸಲ ಆರ್ಡರ್ ಮಾಡುವಾಗ ಕ್ಯಾಲಿಪರ್ ಪಕ್ಕದಲ್ಲೇ ಇತ್ತು. ಕತ್ತಿನ ದಪ್ಪ, ಉದ್ದ, ಶಾಫ್ಟ್, ಕಾಲುಗಳು ಯಾವ ಕಡೆ ತಿರುಗಿವೆ, ಎಲ್ಲಾ ಬರೆದಿಟ್ಟುಕೊಂಡೆ. ಬೆಲೆ 20 ಶೇಕಡಾ ಆಚೀಚೆ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ರೂಪಾಯಿ ಬೆಲೆ ಅಲ್ಲ ಮಾರಾಯರೇ, ಓಮ್ ಲೆಕ್ಕ. ಇದರ ಶಾಫ್ಟ್ ಸ್ವಲ್ಪ ಉದ್ದ ಬಂತು, ಗರಗಸದಲ್ಲಿ ಕತ್ತರಿಸಿದೆ. ವೈಸ್‌ಗೆ ಶಾಫ್ಟಿನ ತುದಿ ಕೊಡಿ, ಪಾಟಿನ ಮೈಯನ್ನು ಕೊಡಬೇಡಿ. ಒಳಗೆ ಅದು ಬಹಳ ನಾಜೂಕು.

ಟ್ರೆಬಲ್ ಸರಿಹೋಯಿತು. ಇನ್ನು ವಾಲ್ಯೂಮ್.

ಇದಕ್ಕೂ ಹೊಸ ಪಾಟ್ ತರಿಸಿದ್ದೆ, 1 ಮೆಗಾ ಓಮ್. ಈ ಸಲ ಎಲ್ಲ ಅಳತೆಯೂ ಸರಿ. ಹಾಕಿದೆ. ಆನ್ ಮಾಡಿದೆ. ಕರಕರ! ಹೊಸ ಪಾಟಿನಲ್ಲೂ ಅದೇ ಕರಕರ. ನಿಜ ಹೇಳಬೇಕೆಂದರೆ ಆ ಸಂಜೆ ಆಂಪ್ ಕಡೆ ತಿರುಗಿಯೂ ನೋಡಲಿಲ್ಲ.

ರಿಪೇರಿ ಮಾಡುವ ಗೆಳೆಯನಿಗೆ ಫೋನ್ ಮಾಡಿದೆ. ಕಥೆ ಪೂರ್ತಿ ಕೇಳುವಷ್ಟೂ ತಾಳ್ಮೆ ಇಲ್ಲ ಅವನಿಗೆ. "ಪಾಟ್ ಮೇಲೆ ಡಿಸಿ ನೋಡಿದ್ಯೇನೋ?" ಅಂದ.

ಡಿಸಿ ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟ್. ನೋಡಿರಲಿಲ್ಲ. ಅವನೇ ಬಂದು ಅಳೆದ. ಸೊನ್ನೆ ಇರಬೇಕಾದ ಕಡೆ 2 ವೋಲ್ಟಿಗಿಂತ ಜಾಸ್ತಿ. ಟ್ಯೂಬಿನ ಪ್ಲೇಟ್ ಅನ್ನುವ ಭಾಗದಲ್ಲಿ ನೂರಾರು ವೋಲ್ಟ್ ಡಿಸಿ ಇರುತ್ತದೆ. ಅದನ್ನು ತಡೆದು ಗಿಟಾರಿನ ಸಿಗ್ನಲ್ ಮಾತ್ರ ಪಾಟಿಗೆ ಬಿಡುವುದು ಮಧ್ಯದ ಕಪ್ಲಿಂಗ್ ಕೆಪಾಸಿಟರ್. ಅದಕ್ಕೆ ವಯಸ್ಸಾಗಿ ಡಿಸಿ ಸೋರುತ್ತಿತ್ತು. ಹಾಗೆ ಸೋರಿದರೆ ಎಂಥ ಹೊಸ ಪಾಟೂ ಕರಕರ ಅನ್ನುತ್ತದೆ. ಹಿಂದೊಮ್ಮೆ ಹಳೇ ಪಾಟಿಗೆ ಕ್ಲೀನರ್ ಹೊಡೆದಾಗ ಎರಡು ದಿನ ಚೆನ್ನಾಗಿದ್ದು ಮತ್ತೆ ಹಳೇ ರಾಗ ಶುರುವಾಗಿತ್ತು, ನನಗೆ ಆಗಲೇ ಅನುಮಾನ ಬರಬೇಕಿತ್ತು.

0.022 ಮೈಕ್ರೋಫ್ಯಾರಡ್, 630 ವೋಲ್ಟಿನ ಹೊಸ ಕೆಪಾಸಿಟರ್ ಹಾಕಿದೆವು. ಆಮೇಲೆ ನಾನು ಒಂದು ಕೆಲಸ ಮಾಡಿದೆ, ಗೆಳೆಯ ನಕ್ಕ. ಹೊಸ ವಾಲ್ಯೂಮ್ ಪಾಟ್ ಬಿಚ್ಚಿ, ಹಳೆಯದನ್ನೇ ವಾಪಸ್ ಬೆಸುಗೆ ಹಾಕಿದೆ.

ಈಗ ಕೇಳಿ. ಸೊನ್ನೆಯಿಂದ ಹತ್ತಕ್ಕೆ ತಿರುಗಿಸುತ್ತಿದ್ದೇನೆ.

ಕೇಳಿಸಲಿಲ್ಲ ಅಲ್ವಾ? ನಾನಂತೂ ತಿರುಗಿಸಿದೆ. ಗಿಟಾರ್ ತಗೊಳ್ಳುತ್ತೇನೆ, ಇರಿ.