ಹನಿಗಾಡಿಗೊಂದು ಬೆಳಕಿಂಡಿ

ಕೇಳುಗರಿಗೆ ನಮಸ್ಕಾರ.

ಪುತ್ತೂರಿನ ಹತ್ತಿರ ನಮ್ಮ ಹಳೆಯ ಮನೆ. ಅಡುಗೆ ಕೋಣೆಯ ಮಾಡಿನಲ್ಲಿ ಒಂದೇ ಒಂದು ಗಾಜಿನ ಹೆಂಚು. ಬೆಳಿಗ್ಗೆ ಹತ್ತರ ಹೊತ್ತಿಗೆ ಅದರಿಂದ ಇಳಿದ ಬಿಸಿಲಿನ ಕೋಲು ಒಲೆಯ ಹೊಗೆಯಲ್ಲಿ ನೀಲಿಯಾಗಿ ನಿಲ್ಲುತ್ತಿತ್ತು. ಜೂನ್ ತಿಂಗಳಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೆ ಸುರಿದರೂ ಆ ಹೆಂಚಿನ ಬುಡದಲ್ಲಿ ಒಂದು ಹನಿ ಸೋರಿದ್ದು ನನಗೆ ನೆನಪಿಲ್ಲ. ಅದಕ್ಕೆ ಯಾರೂ ಅಂಟು ಹಚ್ಚಿರಲಿಲ್ಲ, ಮೊಳೆ ಹೊಡೆದಿರಲಿಲ್ಲ. ಸುಮ್ಮನೆ ರೀಪಿನ ಮೇಲೆ ಕೂತಿತ್ತು.

ಈ ಹೆಂಚನ್ನು ನೀವು ಸ್ವಲ್ಪ ಹೊತ್ತು ಮನಸ್ಸಿನಲ್ಲಿಟ್ಟುಕೊಂಡಿರಬೇಕು. ಯಾಕೆಂದರೆ ನಾನು ಹೇಳಹೊರಟಿರುವುದು ಅಮೆರಿಕದ ಮಿನೆಸೋಟದಲ್ಲಿ, ನನ್ನ ಮನೆಯ ಗ್ಯಾರೇಜಿನಲ್ಲಿ ನಾನೇ ಕಟ್ಟಿದ ಒಂದು ಪುಟ್ಟ ಗಾಡಿಗೆ ಕಿಟಕಿ ಇಟ್ಟ ಕತೆಯನ್ನು.

ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಗಾಡಿ ಇದು. ಅಲ್ಲಿಯವರು ಟಿಯರ್‌ಡ್ರಾಪ್ ಎನ್ನುತ್ತಾರೆ; ನಾನು ಹನಿಗಾಡಿ ಅಂತ ಕರೆಯುತ್ತೇನೆ. ಪಕ್ಕದಿಂದ ನೋಡಿದರೆ ಅಡ್ಡ ಮಲಗಿಸಿದ ನೀರಿನ ಹನಿಯೇ. ಮುಂದೆ ಗುಂಡಗೆ, ಹಿಂದೆ ಇಳಿಜಾರಾಗಿ ಸಣ್ಣಗೆ. ಒಳಗೆ ಇಬ್ಬರಿಗೆ ಹಾಸಿಗೆ, ಅಷ್ಟೇ. ಕೂರಬಹುದು, ನಿಲ್ಲಲಾಗದು. ಹಿಂಬದಿಯ ಮುಚ್ಚಳ ಎತ್ತಿದರೆ ಅಡುಗೆಯ ಕಟ್ಟೆ, ಸ್ಟವ್, ಡಬ್ಬಿಗಳು. 1930ರ ದಶಕದಲ್ಲೇ ಅಮೆರಿಕದ ಜನ ಇಂಥವನ್ನು ಮನೆಯಲ್ಲಿ ಕಟ್ಟಿಕೊಳ್ಳಲು ಶುರುಮಾಡಿದ್ದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಇದು ಇನ್ನಷ್ಟು ಹಬ್ಬಿತು. 1947ರಲ್ಲಿ ಮೆಕ್ಯಾನಿಕ್ಸ್ ಇಲ್ಲಸ್ಟ್ರೇಟೆಡ್ ಎಂಬ ಪತ್ರಿಕೆ ಇದರ ನಕ್ಷೆಯನ್ನೇ ಅಚ್ಚುಹಾಕಿತು. ಬಹುಪಾಲು ಗಾಡಿಗಳ ಅಳತೆ ನಾಲ್ಕಡಿ ಅಗಲ, ಎಂಟಡಿ ಉದ್ದ, ಅಂದರೆ ಒಂದು ಪ್ಲೈವುಡ್ ಹಾಳೆಯಷ್ಟು. ನಮ್ಮ ಆಚಾರಿಗಳು "ಎಂಟು ನಾಲ್ಕರ ಶೀಟು" ಅನ್ನುತ್ತಾರಲ್ಲ, ಅದೇ.

ನಾನು ಕಟ್ಟಿದ ಗಾಡಿಯ ಎರಡು ಬಾಗಿಲಿಗೂ ಅಂಗೈ ಅಗಲದ ಒಂದೊಂದು ಗಾಜು ಇತ್ತು. ಮುಂಭಾಗ ಪೂರ್ತಿ ಮುಚ್ಚಿತ್ತು. ಒಂದು ಬೇಸಿಗೆ ಅಮ್ಮ ಊರಿನಿಂದ ಬಂದಿದ್ದರು. ಅಂಗಳದಲ್ಲೇ ಗಾಡಿ ನಿಲ್ಲಿಸಿ, ಒಂದು ರಾತ್ರಿ ಅದರಲ್ಲಿ ಮಲಗಿ ನೋಡಿ ಅಂದೆ. ನಡುರಾತ್ರಿ ಎದ್ದು ಮನೆಯೊಳಗೆ ಬಂದುಬಿಟ್ಟರು. ಬೆಳಿಗ್ಗೆ ಕಾಫಿ ಕುಡಿಯುವಾಗ ಕೇಳಿದರು: "ಅದೆಂತ ಮಗಾ, ಅಷ್ಟು ಚಂದ ಮಾಡಿ ತಲೆ ಹತ್ರ ಒಂದು ಬೆಳಕಿಂಡಿ ಸಹ ಇಡ್ಲಿಲ್ಲ ನೀನು?"

ಆ ಮಾತು ನನ್ನನ್ನು ಬಿಡಲಿಲ್ಲ. ಹನಿಗಾಡಿಯಲ್ಲಿ ಮಲಗುವಾಗ ಕಾಲು ಹಿಂದಕ್ಕೆ, ಅಡುಗೆ ಕಟ್ಟೆಯ ಕೆಳಗೆ ಹೋಗುತ್ತದೆ. ತಲೆ ಮುಂದಕ್ಕೆ. ಮುಂದಿನ ಗೋಡೆಯಲ್ಲಿ ಕಿಟಕಿ ಇದ್ದರೆ ಅದು ಸರಿಯಾಗಿ ದಿಂಬಿನ ಮೇಲೆ ಬರುತ್ತದೆ; ಮಲಗಿದಲ್ಲೇ ಆಕಾಶ. ಆದರೆ ಗಾಡಿ ಓಡುವಾಗ ಗಾಳಿ, ಮಳೆ, ಕಾರಿನ ಚಕ್ರ ಎರಚುವ ಕಲ್ಲು ಎಲ್ಲವೂ ಬಂದು ಬಡಿಯುವುದೂ ಅಲ್ಲಿಗೇ. ಮುಂಗಿಟಕಿಯ ಆಸೆ ಬಿಡುವವರು ಬಿಡುವುದು ಇದಕ್ಕೇ.

ಹಳೆಯ ಕ್ಯಾಂಪರ್, ಅಂದರೆ ಬಿಡಾರದ ಗಾಡಿ, ಒಂದರಿಂದ ಬಿಚ್ಚಿದ ಅಲ್ಯೂಮಿನಿಯಂ ಚೌಕಟ್ಟಿನ ಕಿಟಕಿ ಸಿಕ್ಕಿತು. ಎರಡಡಿ ಅಗಲ, ಒಂದಡಿ ಎತ್ತರ, ಅಡ್ಡಕ್ಕೆ ಜಾರುವ ಗಾಜು. ಇಂಥ ಕಿಟಕಿಯಲ್ಲಿ ಎರಡು ಚೌಕಟ್ಟು ಇರುತ್ತವೆ. ಗಾಜು ಇರುವುದು ಹೊರಗಿನದರಲ್ಲಿ. ಅದರ ಅಂಚು ಗೋಡೆಯ ಮೇಲೆ ಕೂರುತ್ತದೆ. ಒಳಗಿನಿಂದ ಇನ್ನೊಂದು ಚೌಕಟ್ಟು ಇಟ್ಟು ಸ್ಕ್ರೂ ಬಿಗಿದರೆ ಗೋಡೆ ಎರಡರ ನಡುವೆ ಕಚ್ಚಿಕೊಳ್ಳುತ್ತದೆ.

ಕಿಟಕಿ ಸಪಾಟು, ಗಾಡಿಯ ಮೂತಿ ಬಾಗು. ಮೂವತ್ತು ಸೆಂಟಿಮೀಟರ್ ಎತ್ತರದ ಕಿಟಕಿಯನ್ನು ಎಪ್ಪತ್ತೈದು ಸೆಂಟಿಮೀಟರ್ ತ್ರಿಜ್ಯದ ಬಾಗಿಗೆ ಒತ್ತಿ ಹಿಡಿದರೆ ನಡುವೆ ತಾಗುತ್ತದೆ, ಮೇಲೆ ಕೆಳಗೆ ಒಂದೂವರೆ ಸೆಂಟಿಮೀಟರ್ ಸಂದು ಉಳಿಯುತ್ತದೆ. ಅಷ್ಟು ಸಂದನ್ನು ಅಂಟು ತುಂಬಿ ಮುಚ್ಚುವೆನೆನ್ನುವುದು ಸುಳ್ಳು. ಅದಕ್ಕೆ ಮೊದಲು ಮರದ ಒಂದು ದಾರಂದ ಬೇಕು. ಪಕ್ಕದ ಪಟ್ಟಿಗಳ ಒಂದು ಮೈ ಗಾಡಿಯ ಬಾಗಿಗೆ ತಕ್ಕಂತೆ ಕೊರೆದದ್ದು, ಇನ್ನೊಂದು ಮೈ ನೇರ. ರಟ್ಟಿನ ಅಚ್ಚು ಕತ್ತರಿಸಿ, ಇಟ್ಟು ನೋಡಿ, ಮತ್ತೆ ಕತ್ತರಿಸಿ, ಇಷ್ಟಕ್ಕೇ ಎರಡು ಭಾನುವಾರ ಹೋದವು. ಗೋಡೆ ಕೊಯ್ಯುವಾಗ ಅಡ್ಡ ಬಂದ ಒಂದು ಪಕ್ಕಾಸನ್ನು, ಅಂದರೆ ಭಾರ ಹೊರುವ ಮರದ ಪಟ್ಟಿಯನ್ನು, ತುಂಡು ಮಾಡಬೇಕಾಯಿತು. ಹಾಗೆ ತುಂಡರಿಸಿದರೆ ಅದು ಹೊರುತ್ತಿದ್ದ ಭಾರವನ್ನು ಇನ್ನೊಂದಕ್ಕೆ ದಾಟಿಸಲೇಬೇಕು. ಕಿಟಕಿಯ ಮೇಲೂ ಕೆಳಗೂ ಜೋಡಿ ಮರ ಕೊಟ್ಟು ಪಕ್ಕದ ಪಕ್ಕಾಸುಗಳಿಗೆ ಸೇರಿಸಿದೆ.

ಇಲ್ಲಿಯವರೆಗೆ ಸರಿ. ತಪ್ಪಿದ್ದು ಮುಂದೆ. ನಾನು ಸುತ್ತಲೂ ಟ್ಯೂಬಿನ ಸಿಲಿಕೋನ್ ಅಂಟು ಬಳಿದೆ, ಧಾರಾಳವಾಗಿ ಬಳಿದೆ. ಚೌಕಟ್ಟಿನ ಕೆಳಗಡೆ ಎರಡು ಸಣ್ಣ ಸೀಳುಗಳಿದ್ದವು. ಇವು ಸೋರುವ ತೂತುಗಳೇ ಅಂದುಕೊಂಡು ಅವನ್ನೂ ಮುಚ್ಚಿದೆ. ಅಂಗಳದಲ್ಲಿ ಪೈಪು ಹಿಡಿದು ನೀರು ಬಿಟ್ಟು ನೋಡಿದೆ, ಒಳಗೆ ಒಣ. ಮರುವಾರ ಹೆದ್ದಾರಿಯಲ್ಲಿ ಎರಡು ಗಂಟೆ ಮಳೆ. ಇಳಿದು ಬಾಗಿಲು ತೆರೆದರೆ ದಿಂಬು ಹಿಂಡುವಷ್ಟು ಒದ್ದೆ.

ನಿಂತ ಗಾಡಿಗೂ ಓಡುವ ಗಾಡಿಗೂ ಇರುವ ವ್ಯತ್ಯಾಸವನ್ನು ಲೆಕ್ಕ ಹಾಕಿ ನೋಡಿದ್ದು ಆಮೇಲೆ. ಗಂಟೆಗೆ ಅರವತ್ತೈದು ಮೈಲಿ, ನಮ್ಮ ಲೆಕ್ಕದಲ್ಲಿ 105 ಕಿಲೋಮೀಟರ್ ವೇಗದಲ್ಲಿ ಎದುರುಗಾಳಿ ಒತ್ತುವ ಬಲ ಐದು ಸೆಂಟಿಮೀಟರ್ ಎತ್ತರದ ನೀರನ್ನು ಎತ್ತಿ ಹಿಡಿಯಬಲ್ಲದು. ಮುಂದಿನ ಕಾರು ಸ್ವಲ್ಪ ಮರೆ ಕೊಡುತ್ತದೆ, ಆದರೂ ಅದನ್ನು ನಂಬಿ ಕೂರುವ ಹಾಗಿಲ್ಲ. ಅಂದರೆ ಮಳೆನೀರು ಮೇಲಿನಿಂದ ಕೆಳಗೆ ಮಾತ್ರ ಹರಿಯುವುದಿಲ್ಲ; ಸಂದು ಸಿಕ್ಕರೆ ಕೆಳಗಿನಿಂದ ಮೇಲಕ್ಕೂ ಹತ್ತುತ್ತದೆ. ಜಾರುವ ಗಾಜಿನ ಸುತ್ತ ಒಂದಿಷ್ಟು ನೀರು ಒಳಗೆ ಬಂದೇ ಬರುತ್ತದೆಂದು ಕಿಟಕಿ ಮಾಡಿದವನಿಗೆ ಗೊತ್ತಿತ್ತು. ಬಂದ ನೀರು ತಳದ ಕಾಲುವೆಯಲ್ಲಿ ನಿಂತು ಹೊರಗೆ ಹೋಗಲೆಂದೇ ಅವನು ಆ ಎರಡು ಸೀಳು ಇಟ್ಟಿದ್ದ. ನಾನು ಬಚ್ಚಲಿನ ಬಾಯಿಗೆ ಬೆಣೆ ಹೊಡೆದಿದ್ದೆ. ನೀರು ಕಾಲುವೆ ತುಂಬಿ ಒಳಗೆ ಇಳಿಯಿತು.

ಊರಿನ ಹೆಂಚು ನನಗೆ ನೆನಪಾದದ್ದು ಆಗ. ಮಂಗಳೂರು ಹೆಂಚಿನ ಮೈ ನೋಡಿದ್ದೀರಲ್ಲ? 1865ರಲ್ಲಿ ಬಾಸೆಲ್ ಮಿಶನ್‌ನ ಪಾದ್ರಿಗಳು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದಂದಿನಿಂದ ಕರಾವಳಿಯ ಮಾಡುಗಳನ್ನು ಹೊದ್ದ ಹೆಂಚು ಅದು. ಮೇಲಿನದು ಕೆಳಗಿನದರ ಮೇಲೆ ಒರಗಿರುತ್ತದೆ, ಒಂದರ ಅಂಚಿನ ತೋಡು ಪಕ್ಕದ ಹೆಂಚಿನ ಉಬ್ಬಿಗೆ ಕಚ್ಚಿರುತ್ತದೆ. ಸಂದು ಇದ್ದೇ ಇದೆ, ಗಾಳಿ ಆಡುತ್ತದೆ. ನೀರಿಗೆ ಮಾತ್ರ ಪ್ರತಿ ಹೆಜ್ಜೆಗೂ ಇಳಿಯುವ ದಾರಿ ಸಿದ್ಧವಿರುತ್ತದೆ. ಆ ವಿದ್ಯೆಯ ಕೆಳಗೇ ಹುಟ್ಟಿ ಬೆಳೆದ ನಾನು ಟ್ಯೂಬಿನ ಅಂಟನ್ನು ನಂಬಿದ್ದೆ.

ಕಿಟಕಿ ಬಿಚ್ಚಿದೆ. ಕೊಯ್ದ ಪ್ಲೈವುಡ್ಡಿನ ಅಂಚು ಊದಿಕೊಂಡಿತ್ತು. ಕೆಟ್ಟ ಭಾಗ ಕೆತ್ತಿ ತೆಗೆದು, ತಿಂಗಳುಗಟ್ಟಲೆ ಒಣಗಲು ಬಿಟ್ಟು, ಅಂಚಿಗೆಲ್ಲ ಇಪಾಕ್ಸಿ ಎಂಬ, ಒಣಗಿ ಗಟ್ಟಿಯಾಗುವ ಅಂಟುದ್ರವ ಕುಡಿಸಿದೆ. ಕುಡಿಸಿದೆ ಅಂತಲೇ ಹೇಳಬೇಕು, ಯಾಕೆಂದರೆ ಪ್ಲೈವುಡ್ಡಿನ ಅಂಚು ಸ್ಟ್ರಾ ಕಟ್ಟಿನ ಹಾಗೆ. ಇಪಾಕ್ಸಿ ಕುಡಿಯದಿದ್ದರೆ ನೀರು ಕುಡಿಯುತ್ತದೆ. ಎಲ್ಲಕ್ಕಿಂತ ಬೇಸರದ ಕೆಲಸ ಹಳೆಯ ಸಿಲಿಕೋನ್ ತೆಗೆಯುವುದು. ಅದರ ಪಸೆ ಉಳಿದರೆ ಮೇಲೆ ಬಣ್ಣವೂ ಹಿಡಿಯುವುದಿಲ್ಲ, ಬೇರೆ ಅಂಟೂ ಹಿಡಿಯುವುದಿಲ್ಲ. ಪ್ಲಾಸ್ಟಿಕ್ ಚಾಕುವಿನಲ್ಲಿ ಕೆರೆಕೆರೆದು ನನ್ನ ಬೆರಳು ಮರಗಟ್ಟಿದವು.

ಎರಡನೇ ಸಲ ಬ್ಯೂಟೈಲ್ ಟೇಪು ತಂದೆ. ಹಲಸಿನ ಮೇಣದಂಥ ವಸ್ತು, ವರ್ಷಗಟ್ಟಲೆ ಗಟ್ಟಿಯಾಗದೆ ಮೆತ್ತಗೇ ಇರುತ್ತದೆ. ಬಿಸಿಲಿಗೆ ಅಲ್ಯೂಮಿನಿಯಂ ಹಿಗ್ಗಿದರೂ ಚಳಿಗೆ ಕುಗ್ಗಿದರೂ ಅದು ಜೊತೆಯಲ್ಲೇ ಹೋಗುತ್ತದೆ. ಸ್ಕ್ರೂಗಳನ್ನು ಎದುರುಬದುರಾಗಿ, ಒಂದೊಂದು ಸುತ್ತಿನಷ್ಟೇ ಬಿಗಿಯುತ್ತಾ ಬಂದೆ. ಮೇಣ ನಿಧಾನವಾಗಿ ಹೊರಗೆ ಉಕ್ಕುತ್ತದೆ. ಮರುದಿನ ಮತ್ತೆ ಬಿಗಿಯಬೇಕು. ನನ್ನ ಗಾಡಿಯ ಹೊರತಗಡಿನಲ್ಲಿ ಎರಡು ಹಾಳೆ ಕೂಡುವ ಜಾಗ ಕಿಟಕಿಯ ನೆತ್ತಿಯ ಮೇಲೆಯೇ ಇತ್ತು. ಒಂದು ಅಲ್ಯೂಮಿನಿಯಂ ಪಟ್ಟಿಯನ್ನು ಬಗ್ಗಿಸಿ, ಅದರ ಮೇಲಂಚನ್ನು ಮೇಲಿನ ಹಾಳೆಯ ಅಡಿಗೆ ಎಂಟು ಸೆಂಟಿಮೀಟರ್ ತೂರಿಸಿದೆ. ಐದು ಸೆಂಟಿಮೀಟರ್ ನೀರು ಹತ್ತುವುದಾದರೆ ಒಂದರಡಿ ಒಂದು ತೂರಿದ ಭಾಗ ಅದಕ್ಕಿಂತ ಉದ್ದ ಇರಲಿ ಅಂತ. ಕೆಳಗಿನ ಎರಡು ಸೀಳುಗಳನ್ನು ತೆರೆದೇ ಬಿಟ್ಟೆ.

ಪರೀಕ್ಷೆಗೆ ಈ ಬಾರಿ ಪೈಪು ಸಾಲದು. ಗಾಡಿಯ ಬಾಗಿಲುಗಳನ್ನು ಮುಚ್ಚಿ, ಎಲೆ ಊದುವ ಯಂತ್ರದ ಮೂತಿಯನ್ನು ಚಾವಣಿಯ ಗಾಳಿಗಂಡಿಗೆ ಸಿಕ್ಕಿಸಿ ಒಳಗೆ ಗಾಳಿ ತುಂಬಿದೆ. ಹೊರಗೆ ಸಾಬೂನು ನೀರು ಹಚ್ಚುತ್ತಾ ಬಂದರೆ, ಸೋರುವ ಕಡೆ ಗುಳ್ಳೆ ಏಳುತ್ತದೆ. ಸೈಕಲ್ ಟ್ಯೂಬಿನ ಪಂಕ್ಚರ್ ಹುಡುಕಿದ ಹಾಗೆಯೇ. ಎಡಮೂಲೆಯಲ್ಲಿ ಒಂದು ಕಡೆ ಗುಳ್ಳೆ ಎದ್ದಿತು. ಅಲ್ಲಿ ಟೇಪಿನ ಎರಡು ತುದಿ ಕೂಡಿರಲಿಲ್ಲ.

ಕಲ್ಲಿಗೆ ಸುಲಭದ ಉಪಾಯ: ಮೇಲೆ ತಿರುಗಣೆ ಇಟ್ಟು ಒಂದು ತಗಡಿನ ಮುಚ್ಚಳ. ಓಡುವಾಗ ಇಳಿಬಿಟ್ಟು ಚಿಲಕ, ನಿಂತಾಗ ಎತ್ತಿ ಕಡ್ಡಿ ಕೊಟ್ಟರೆ ಅದೇ ಸೂರು.

ಮರುವರ್ಷ ಅಮ್ಮ ಮತ್ತೆ ಬಂದರು. ಸೌತ್ ಡಕೋಟಾದ ಬ್ಯಾಡ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನಕ್ಕೆ ಹೊರಟೆವು. ಅಲ್ಲಿ ಸೇಜ್ ಕ್ರೀಕ್ ಎಂಬ ಬಿಡಾರದ ಬಯಲಿಗೆ ಜಲ್ಲಿರಸ್ತೆಯಲ್ಲೇ ಹೋಗಬೇಕು. ದಾರಿಯುದ್ದಕ್ಕೂ ತಗಡಿಗೆ ಕಲ್ಲು ಬಡಿಯುವ ಸದ್ದು ನನ್ನ ಎದೆಗೇ ಬಡಿಯುತ್ತಿತ್ತು. ಸಂಜೆ ಮುಚ್ಚಳ ಎತ್ತಿದಾಗ ಗಾಜಿನ ಮೇಲೆ ಧೂಳು ಬಿಟ್ಟರೆ ಒಂದು ಗೀರೂ ಇರಲಿಲ್ಲ. ಅಮ್ಮ ಗಾಡಿಯಲ್ಲಿ ಮಲಗಿದರು, ನಾನು ಪಕ್ಕದಲ್ಲಿ ಡೇರೆ ಹಾಕಿದೆ. ಗಾಜನ್ನು ಎರಡು ಬೆರಳಷ್ಟು ಜಾರಿಸಿಡಿ ಅಂದೆ. ಮುಚ್ಚಿ ಮಲಗಿದರೆ ಉಸಿರಿನ ಆವಿ ತಣ್ಣನೆ ಗಾಜಿಗೆ ಕೂತು ದಿಂಬಿನ ಮೇಲೇ ತೊಟ್ಟಿಕ್ಕುತ್ತದೆ.

ಬೆಳಗಿನ ಜಾವ ಅವರು ಮೆಲ್ಲಗೆ ಕರೆದರು. ಹೋಗಿ ನೋಡಿದರೆ ಹಾಸಿಗೆಯ ಮೇಲೆ ಮೊಣಕಾಲೂರಿ, ಕಿಟಕಿಗೆ ಹಣೆ ತಾಗಿಸಿ ಕೂತಿದ್ದಾರೆ. ದೂರದ ಹುಲ್ಲಿನಲ್ಲಿ ನಾಲ್ಕೈದು ಬೈಸನ್, ಅಂದರೆ ಅಮೆರಿಕದ ಕಾಡುಕೋಣಗಳು, ಮೇಯುತ್ತಿದ್ದವು. "ನಮ್ಮ ಕಾಟಿಯ ಹಾಗೇ ಉಂಟಲ್ಲ ಮಗಾ," ಅಂದರು, "ಮೈಮೇಲೆ ಕಂಬಳಿ ಹೊದ್ದ ಕಾಟಿ."

ರಾತ್ರಿ ಒಂದು ಮಳೆ ಹೊಡೆದು ಹೋಗಿತ್ತು. ಅವರ ಹಿಂದಿನಿಂದ ಕೈಚಾಚಿ ಕಿಟಕಿಯ ಕೆಳಗಿನ ಮರದ ಮೇಲೆ ಉದ್ದಕ್ಕೆ ಬೆರಳು ಆಡಿಸಿದೆ. ಒಣಗಿತ್ತು. ಹೊರಗೆ ಆ ಎರಡು ಸೀಳುಗಳಿಂದ ತಗಡಿನ ಮೇಲೆ ನೀರು ಇಳಿದ ಎರಡು ಸಣ್ಣ ಗೆರೆಗಳು, ಧೂಳಿನಲ್ಲಿ.

ನಮಸ್ಕಾರ.